ಒರಟು ಕ್ಯಾಸೆಟ್ಟು, ಗಟ್ಟಿ ಹಾಡು

ಕೇಳುಗರಿಗೆ ನಮಸ್ಕಾರ. ಹಾಡು ಬರೆದಿಟ್ಟುಕೊಂಡು, ಒಳ್ಳೆ ಮೈಕ್ ಸಿಗಲಿ, ಸ್ಟುಡಿಯೋಗೆ ದುಡ್ಡು ಹೊಂದಲಿ ಅಂತ ಕಾಯುತ್ತಾ ಕೂತಿರುವ ಹುಡುಗ ಹುಡುಗಿಯರು ಯಾರಾದರೂ ಕೇಳುತ್ತಿದ್ದರೆ, ಇವತ್ತಿನ ಮಾತು ನಿಮಗೇ. ಕಾಯಬೇಡಿ. ಹಾಡು ಗಟ್ಟಿಯಾಗಿದ್ದರೆ ರೆಕಾರ್ಡಿಂಗ್ ಒರಟಾಗಿದ್ದರೂ ನಡೆಯುತ್ತದೆ.

1983ರ ಸೆಪ್ಟೆಂಬರ್, ಅಮೆರಿಕದ ಟೆಕ್ಸಸ್. ಡೇನಿಯಲ್ ಜಾನ್‌ಸ್ಟನ್ ಅನ್ನುವ 22 ವರ್ಷದ ಹುಡುಗ ಮನೆಯಲ್ಲೇ ಕೂತು, ಅಗ್ಗದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಪುಟ್ಟ ಆರ್ಗನ್ ನುಡಿಸುತ್ತಾ ಹಾಡಿದ. ಆಲ್ಬಂ ಹೆಸರು 'ಹಾಯ್, ಹೌ ಆರ್ ಯೂ'. ಹೊದಿಕೆಯ ಮೇಲಿನ ಕಪ್ಪೆ ಚಿತ್ರವೂ ಅವನೇ ಬಿಡಿಸಿದ್ದು. ಕೆಲವು ಹಾಡು ಎರಡು ನಿಮಿಷವೂ ಇಲ್ಲ. ಒಂದು ಕಡೆಯಂತೂ ಯಾರದೋ ಹಳೇ ಜಾಝ್ ರೆಕಾರ್ಡ್ ಹಾಕಿಕೊಂಡು ಅದರ ಮೇಲೇ ಹಾಡಿಬಿಟ್ಟಿದ್ದಾನೆ! ಟೇಪಿನ 'ಸ್ಸ್' ಸದ್ದು ಉದ್ದಕ್ಕೂ ಇದೆ, ದನಿ ನಡುಗುತ್ತದೆ, ಶ್ರುತಿ ಜಾರುತ್ತದೆ. ಇರಲಿ ಬಿಡಿ. ಹಾಡು ಗಟ್ಟಿಯಾಗಿದೆ.

ಇವನದೊಂದು ಕಥೆ ಹೇಳದೆ ಮುಂದೆ ಹೋಗುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ಇದಕ್ಕೂ ಮೊದಲು, ವೆಸ್ಟ್ ವರ್ಜೀನಿಯಾದಲ್ಲಿ ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಪಿಯಾನೋ ಮುಂದೆ ಕೂತು ಕ್ಯಾಸೆಟ್ ಮಾಡುತ್ತಿದ್ದ. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡುವ ಯಂತ್ರ ಅವನ ಹತ್ತಿರ ಇರಲಿಲ್ಲ. ಸ್ನೇಹಿತರು ಯಾರಾದರೂ ನನಗೂ ಒಂದು ಕೊಡೋ ಅಂದರೆ ಏನು ಮಾಡುತ್ತಿದ್ದ ಗೊತ್ತಾ? ಮತ್ತೆ ಪಿಯಾನೋ ಮುಂದೆ ಕೂತು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಎಲ್ಲವನ್ನೂ ಹೊಸದಾಗಿ ಹಾಡಿ ಆ ಕ್ಯಾಸೆಟ್ ಕೊಡುತ್ತಿದ್ದ. ಇನ್ನೊಬ್ಬರು ಕೇಳಿದರೆ ಮತ್ತೆ ಮೊದಲಿಂದ. ಅಂದರೆ ಒಬ್ಬೊಬ್ಬರ ಕೈಲಿದ್ದದ್ದೂ ಬೇರೆ ಬೇರೆ ಆಲ್ಬಂ, ಅಲ್ವಾ? ನೀವು ಮೈಕಿನ ಬೆಲೆ ನೋಡುತ್ತಾ ಕೂತಿದ್ದೀರಿ, ಇವನು ಕೇಳಿದವರಿಗೆಲ್ಲ ಇಡೀ ಆಲ್ಬಂ ಹಾಡಿಕೊಡುತ್ತಿದ್ದ.

ಆಮೇಲೆ ಆಸ್ಟಿನ್ ನಗರಕ್ಕೆ ಬಂದ. ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ, ಸಿಕ್ಕಸಿಕ್ಕವರ ಕೈಗೆ ಕ್ಯಾಸೆಟ್. 1985ರಲ್ಲಿ ಎಂಟಿವಿ ಅನ್ನುವ ಸಂಗೀತ ಚಾನೆಲ್‌ನವರು ಆ ಊರಿನ ಸಂಗೀತ ಚಿತ್ರೀಕರಿಸಲು ಬಂದಾಗ ಇವನೂ ಕಾಣಿಸಿಕೊಂಡ. 1992ರಲ್ಲಿ, ಆಗ ಭಾರೀ ಹೆಸರು ಮಾಡಿದ್ದ ನಿರ್ವಾಣ ಅನ್ನುವ ರಾಕ್ ತಂಡದ ಗಾಯಕ ಕರ್ಟ್ ಕೋಬೇನ್ ಆ ಕಪ್ಪೆಯ ಟೀ ಶರ್ಟ್ ಹಾಕಿಕೊಂಡು ತಿರುಗಿದ, ಜಗತ್ತೇ ಯಾರಿದು ಅಂತ ಹುಡುಕಿತು. 1994ರಲ್ಲಿ ಅಟ್ಲಾಂಟಿಕ್ ಅನ್ನುವ ದೊಡ್ಡ ರೆಕಾರ್ಡ್ ಕಂಪನಿ ಸ್ಟುಡಿಯೋದಲ್ಲಿ ಕೂರಿಸಿ ಒಂದು ಆಲ್ಬಂ ಮಾಡಿಸಿತು. ಅದು ಮಾರಾಟವಾಗಲಿಲ್ಲ, ಕಂಪನಿ ಕೈಬಿಟ್ಟಿತು. ಜನ ಇವತ್ತಿಗೂ ಹುಡುಕಿ ಕೇಳುವುದು ಆ ಒರಟು ಕ್ಯಾಸೆಟ್ಟನ್ನೇ.

ಅವನಿಗೆ ತೀವ್ರವಾದ ಮಾನಸಿಕ ಕಾಯಿಲೆ ಇತ್ತು. ಅದರ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಕಥೆಯಲ್ಲೇ ಸಮಯ ಹೋಯಿತು. ಇಷ್ಟು ಹೇಳುತ್ತೇನೆ: ಕಾಯಿಲೆಯಿಂದಲೇ ಪ್ರತಿಭೆ ಬಂತು ಅಂತ ಕಥೆ ಕಟ್ಟುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಾಯಿಲೆ ಅವನನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಸೇರಿಸಿತು. ಹಾಡು ಬರೆದದ್ದು ಅವನು. 2019ರಲ್ಲಿ ತೀರಿಕೊಂಡ.

ಮೊಬೈಲಿನಲ್ಲಿ ಹುಡುಕಿದರೆ 'ಹಾಯ್, ಹೌ ಆರ್ ಯೂ' ಆಲ್ಬಂ ಸಿಗುತ್ತದೆ. ನಡುವೆ ಹಾರಿಸದೆ ಪೂರ್ತಿ ಕೇಳಿ. ಅದೇ ಮೊಬೈಲಿನಲ್ಲಿ ನಿಮ್ಮ ಹಾಡನ್ನೂ ಇವತ್ತೇ ರೆಕಾರ್ಡ್ ಮಾಡಿ. ಮತ್ತೆ, ದಯವಿಟ್ಟು, ಈ ಹುಡುಗನಿಗೆ ಶ್ರುತಿ ಸರಿ ಇಲ್ಲ ಅಂತ ಆಕಾಶವಾಣಿಗೆ ಕಾಗದ ಬರೆಯಬೇಡಿ. ನನಗೂ ಕಿವಿ ಇದೆ. ನಮಸ್ಕಾರ.