ಚಪ್ಪಲಿ ಬಿಟ್ಟು ಹೋಗುವ ಸಿನಗಾಗ್

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಜ್ಯೂ ಟೌನ್ ಅಂತ ಒಂದು ಬೀದಿ ಇದೆ. ಅದರ ತುದಿಯಲ್ಲಿ ಪರದೇಸಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನೆಯ ಮನೆ. ಕಟ್ಟಿದ್ದು 1568ರಲ್ಲಿ. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ನಮ್ಮ ದೇವಸ್ಥಾನಗಳ ಹಾಗೆ! ಬರಿಗಾಲಿಗೆ ತಣ್ಣಗೆ ತಾಗುವುದು ಚೀನಾದಿಂದ ಹಡಗಿನಲ್ಲಿ ಬಂದ ಟೈಲ್ಸ್. ಬಿಳಿಯ ಮೇಲೆ ನೀಲಿ ಚಿತ್ರ, ಎಲ್ಲವೂ ಕೈಯಲ್ಲೇ ಬರೆದದ್ದು. ಹದಿನೆಂಟನೇ ಶತಮಾನದ ವ್ಯಾಪಾರಿ ಎಜೆಕಿಯಲ್ ರಹಬಿ ತರಿಸಿದ್ದು. ಹೊರಗಿನ ಗಡಿಯಾರ ಗೋಪುರವೂ ಅವನ ಕಾಲದ್ದೇ. ಅದರ ಒಂದು ಮುಖದಲ್ಲಿ ಹೀಬ್ರೂ ಅಕ್ಷರಗಳಿವೆ, ಇನ್ನೊಂದರಲ್ಲಿ ರೋಮನ್ ಅಂಕಿಗಳು.

ಸಿನಗಾಗಿಗೆ ಜಾಗ ಕೊಟ್ಟವನು ಕೊಚ್ಚಿಯ ರಾಜ. ಅದೂ ತನ್ನ ಅರಮನೆಯ ಪಕ್ಕದಲ್ಲೇ. ಅರಮನೆಯ ಭಗವತಿ ದೇವಸ್ಥಾನ ಮತ್ತು ಸಿನಗಾಗ್ ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ. ಪ್ರವಾಸಿಗರಿಗೆ ಇದನ್ನು ತೋರಿಸಿ ‘ನೋಡಿ, ಎಂಥ ಸೌಹಾರ್ದ’ ಅನ್ನುತ್ತಾರೆ. ಸುಳ್ಳಲ್ಲ. ಆದರೆ ಕಥೆ ಅಷ್ಟೇ ಅಲ್ಲ.

ಪರದೇಸಿ ಅಂದರೆ ಹೊರಗಿನಿಂದ ಬಂದವರು. ಸ್ಪೇನ್ ಮುಂತಾದ ಕಡೆಗಳಿಂದ ಓಡಿಸಲ್ಪಟ್ಟು ಇಲ್ಲಿಗೆ ಸೇರಿದವರು. ಅವರಿಗಿಂತ ಎಷ್ಟೋ ಮೊದಲೇ ಮಲಬಾರಿ ಯಹೂದಿಗಳು ಕೇರಳದಲ್ಲಿದ್ದರು, ಅವರಿಗೆ ಬೇರೆಯೇ ಸಿನಗಾಗ್‌ಗಳಿದ್ದವು. ಇವರಿಬ್ಬರ ನಡುವೆ ಮದುವೆ ಸಂಬಂಧ ಇರಲಿಲ್ಲ. ಇನ್ನೊಂದು ಗುಂಪಿತ್ತು, ಬಿಡುಗಡೆ ಪಡೆದ ಗುಲಾಮರ ಮಕ್ಕಳು, ಮೊಮ್ಮಕ್ಕಳು. ಅವರು ಪರದೇಸಿ ಸಿನಗಾಗಿಗೇ ಬರುತ್ತಿದ್ದರು, ಆದರೆ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ನೆಲದ ಮೇಲೋ, ಬಾಗಿಲ ಹೊರಗೋ ಕೂರಬೇಕು. ಈ ಪಂಕ್ತಿಭೇದ ನಮಗೂ ಗೊತ್ತಿರುವಂಥದ್ದೇ, ಅಲ್ವಾ?

ಬಿಡುಗಡೆ ಪಡೆದ ಗುಲಾಮರ ಆ ಗುಂಪಿನಲ್ಲಿ 1882ರಲ್ಲಿ ಹುಟ್ಟಿದವರು ಎ.ಬಿ. ಸೇಲಂ. ವಕೀಲರು, ಕಾಂಗ್ರೆಸ್ಸಿಗರು. ಗಾಂಧೀಜಿಯ ಸತ್ಯಾಗ್ರಹವನ್ನು ಅವರು ತಮ್ಮದೇ ದೇವರ ಮನೆಯೊಳಗೆ ತಂದರು. ಹಟ ಬಿಡಲಿಲ್ಲ. ನಿಧಾನವಾಗಿ ಬೆಂಚಿನಲ್ಲಿ ಜಾಗ ಸಿಕ್ಕಿತು. ಜನ ಅವರನ್ನು ಯಹೂದಿ ಗಾಂಧಿ ಅಂದರು. ನನಗಂತೂ ಆ ಬೀದಿಯಲ್ಲಿ ಚೀನಾದ ಟೈಲ್ಸ್‌ಗಿಂತ ದೊಡ್ಡ ಆಸ್ತಿ ಈ ಜಗಳವೇ.

ಕ್ರೈಸ್ತರ ಕಥೆಯೂ ಹೀಗೇ ಹೊಡೆದಾಟದ್ದು. ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನ ಮೂಲ 1503ರದ್ದು. ಪೋರ್ಚುಗೀಸರು ಮೊದಲು ಮರದಲ್ಲಿ ಕಟ್ಟಿದ್ದರು. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲೇ ಹೂಳಿದರು. ಆಮೇಲೆ ಮೂಳೆಗಳು ಪೋರ್ಚುಗಲ್‌ಗೆ ಹೋದವು, ಗೋರಿಯ ಕಲ್ಲು ಮಾತ್ರ ಉಳಿಯಿತು. 1663ರಲ್ಲಿ ಡಚ್ಚರು ಬಂದರು, ಚರ್ಚು ಪ್ರಾಟೆಸ್ಟೆಂಟರದ್ದಾಯಿತು. ಕೊನೆಗೆ ಬ್ರಿಟಿಷರದ್ದು.

ಆದರೆ ಪೋರ್ಚುಗೀಸರಿಗಿಂತ ಎಷ್ಟೋ ಮೊದಲೇ ಕೇರಳದಲ್ಲಿದ್ದ ಸುರಿಯಾನಿ ಕ್ರೈಸ್ತರಿಗೆ ಪೋರ್ಚುಗೀಸರ ಧರ್ಮಾಡಳಿತ ಸಾಕಾಗಿ ಹೋಗಿತ್ತು. 1653ರ ಜನವರಿ 3ರಂದು ಅವರು ಮಟ್ಟಾಂಚೇರಿಯಲ್ಲಿ ಸೇರಿ, ಇನ್ನು ಆ ಪಾದ್ರಿಗಳ ಮಾತು ಕೇಳುವುದಿಲ್ಲ ಎಂದು ಆಣೆ ಮಾಡಿದರು. ಎಲ್ಲರಿಗೂ ಶಿಲುಬೆ ಮುಟ್ಟಲು ಜಾಗ ಸಿಗಲಿಲ್ಲವಂತೆ. ಶಿಲುಬೆಗೆ ಹಗ್ಗ ಕಟ್ಟಿ, ಹಗ್ಗ ಹಿಡಿದವರೆಲ್ಲ ಆಣೆ ಮಾಡಿದರು. ಎಳೆತಕ್ಕೆ ಶಿಲುಬೆ ಬಾಗಿತು ಅಂತ ಜನ ಹೇಳುತ್ತಾರೆ. ಅದಕ್ಕೇ ಕೂನನ್ ಶಿಲುಬೆ, ಗೂನು ಶಿಲುಬೆ ಅನ್ನುವ ಹೆಸರು.

ಅದೇ ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟ ಕೊಂಕಣಿಗರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು. ಕೆಲವರು ಇನ್ನೂ ತೆಂಕಣಕ್ಕೆ, ಇದೇ ಮಟ್ಟಾಂಚೇರಿಗೆ ಹೋದರು. ಮಂಗಳೂರಿನ ಕೊಂಕಣಿಗರಿಗೆ ಅಲ್ಲಿ ಇವತ್ತಿಗೂ ತಮ್ಮ ಮಾತು ಕಿವಿಗೆ ಬೀಳುತ್ತದೆ.

ಯಹೂದಿಗಳಲ್ಲಿ ಮಾತ್ರ ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ಹೊರಟರು. ಅವರ ಹೆಂಗಸರು ಮಲಯಾಳಂ ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರು, ಆ ಪುಸ್ತಕಗಳೂ ಜೊತೆಗೆ ಹೋದವು. ಮಲಬಾರಿಗಳ ಕಡವುಂಭಾಗಂ ಸಿನಗಾಗಿನ ಒಳಗಿನ ಮರಗೆಲಸ ಈಗ ಜೆರುಸಲೇಮಿನ ಮ್ಯೂಸಿಯಂನಲ್ಲಿದೆ. ಮಟ್ಟಾಂಚೇರಿಯಲ್ಲಿ ಉಳಿದದ್ದು ಬರಿಯ ಗೋಡೆ. 2019ರ ಮಳೆಗೆ ಅದರಲ್ಲೂ ಒಂದು ಭಾಗ ಕುಸಿದು ಬಿತ್ತು.

ನಮಸ್ಕಾರ.