ಊರಿನ ಫೋಟೋ ಹಾಕೋ ಮುಂಚೆ ಹಿಂದುಗಡೆ ತಿರುಗಿಸಿ

ನಮಸ್ಕಾರ, ಚಿಕ್ಕಬಳ್ಳಾಪುರದಿಂದ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಹಳೇ ಫೋಟೋಗೆ ಇಷ್ಟೊಂದು ವಿಚಾರಣೆ ಯಾಕೆ ಗುರು? ನೋಡು, ಖುಷಿಪಡು, ಲೈಕ್ ಒತ್ತು."

ಒತ್ತಲ್ಲ. ಯಾವ ಊರು, ಯಾವ ವರ್ಷ, ಅದರಲ್ಲಿ ಇರೋರು ಯಾರು? ಈ ಮೂರು ಬರೀದೆ ಊರಿನ ಫೋಟೋ ಹಾಕಬೇಡಿ. ಇವತ್ತು ಹೇಳೋದು ಇದೊಂದೇ.

"ನಮ್ಮೂರು ನಮ್ಮ ಹೆಮ್ಮೆ" ಅಂತ ಮಂಜು ಮುಸುಕಿದ ಬೆಟ್ಟ ಹಾಕ್ತೀರಿ. ಅದು ನಂದಿಯಾ, ಸ್ಕಂದಗಿರಿಯಾ, ಬ್ರಹ್ಮಗಿರಿಯಾ? ಕೇಳಿದ್ರೆ ಉತ್ತರ ಬೆಂಕಿ ಎಮೋಜಿ. ವಿದುರಾಶ್ವತ್ಥದ ಸ್ಮಾರಕ ಹಾಕಿ "ದಕ್ಷಿಣದ ಜಲಿಯನ್‌ವಾಲಾಬಾಗ್" ಅಂತ ಬರೀತೀರಿ. ಬಾವುಟ ಹಾರಿಸೋಕೆ ಸೇರಿದ ಜನರ ಮೇಲೆ ಗುಂಡು ಹಾರಿದ್ದು 1938ರ ಏಪ್ರಿಲ್ 25ರಂದು ಅನ್ನೋ ಒಂದು ಸಾಲಿಗೆ ಮಾತ್ರ ಕೈ ಬರಲ್ಲ.

ನಮ್ಮ ಕಡೆಯವರಿಗಂತೂ ಊರಿನ ಹೆಸರು ಬೇಕೇ ಬೇಕು. 2007ರವರೆಗೆ ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು, ಶಿಡ್ಲಘಟ್ಟ, ಗುಡಿಬಂಡೆ ಎಲ್ಲ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ ಜಿಲ್ಲೆ. ಹಿಂದುಗಡೆ ಬರೀ "ಕೋಲಾರ ಜಿಲ್ಲೆ" ಅಂತಿದ್ರೆ, ಗುಡಿಬಂಡೆಯ ಬೀದಿಯನ್ನ ಮೊಮ್ಮಕ್ಕಳು ಕೋಲಾರದ ಗಡಿಯಾರ ಗೋಪುರದ ಸುತ್ತ ಹುಡುಕ್ತಾರೆ.

"ವರ್ಷ ಗೊತ್ತಿಲ್ಲ ಸಾರ್" ಅಂತಾರೆ. ಫೋಟೋನೇ ಹೇಳುತ್ತಲ್ಲ! ಅಂಗಡಿ ಬೋರ್ಡನ್ನ ದೊಡ್ಡದು ಮಾಡಿ ನೋಡಿ. "ಮೈಸೂರು ರಾಜ್ಯ" ಅಂತಿದ್ರೆ ಆ ಬೋರ್ಡು 1973ರ ನವೆಂಬರ್‌ಗೆ ಮುಂಚಿನದು. ಆರಂಕಿಯ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ ಆದಮೇಲಿನದು. ಆದ್ರೆ ಹುಷಾರು, ಹಳೇ ಬೋರ್ಡು ವರ್ಷಗಟ್ಟಲೆ ಅಲ್ಲೇ ನೇತಾಡ್ತಾ ಇರುತ್ತೆ. ಫೋಟೋದಲ್ಲಿ ಎಲ್ಲಕ್ಕಿಂತ ಹೊಸದು ಯಾವುದು, ಅದರ ಕಾಲ ಹಿಡೀರಿ. ಅಂದಾಜಾದ್ರೆ "1975ರ ಆಸುಪಾಸು" ಅಂತಲೇ ಬರೀರಿ. ತಪ್ಪು ವರ್ಷವನ್ನ ಗಟ್ಟಿಯಾಗಿ ಬರೆದ್ರೆ ನಾಳೆ ಹತ್ತು ಗ್ರೂಪಲ್ಲಿ ಅದೇ ಇತಿಹಾಸ.

ಈಗ ಫೋಟೋ ತಿರುಗಿಸಿ. ಸ್ಟುಡಿಯೋ ಸೀಲು, ತಾರೀಖು, ತಾತನ ಕೈಬರಹ, ಎಲ್ಲ ಇರೋದು ಹಿಂದುಗಡೆ. ಅದನ್ನೂ ಸ್ಕ್ಯಾನ್ ಮಾಡಿ. 600 ಡಿಪಿಐ, ಅಂದ್ರೆ ಇಂಚಿಗೆ 600 ಚುಕ್ಕಿ, ಇಟ್ರೆ ನಾಲ್ಕು ಇಂಚು ಆರು ಇಂಚಿನ ಪ್ರಿಂಟು 2400ಕ್ಕೆ 3600 ಪಿಕ್ಸೆಲ್ ಬರುತ್ತೆ, ಬೋರ್ಡಿನ ಅಕ್ಷರ ಓದೋಕೆ ಅಷ್ಟು ಬೇಕು. ಸ್ಕ್ಯಾನರ್ ಇಲ್ವಾ? ಕಿಟಕಿ ಪಕ್ಕ, ನೆರಳಲ್ಲಿ, ಫ್ಲಾಶ್ ಆಫ್ ಮಾಡಿ, ಫೋನನ್ನ ಫೋಟೋಗೆ ನೇರ ಮೇಲೆ ಹಿಡೀರಿ. ಟ್ಯೂಬ್‌ಲೈಟ್ ಕೆಳಗೆ ತೆಗೆದ್ರೆ ಹೊಳಪು ಬಿದ್ದು ಮುಖವೇ ಹೋಗುತ್ತೆ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ರೆ ಕೀಳಬೇಡಿ, ಚಿತ್ರದ ಪದರ ಗಾಜಿನ ಜೊತೆ ಬರುತ್ತೆ. ಗಾಜಿನ ಮೇಲಿಂದಲೇ ಫೋನಲ್ಲಿ ಕ್ಲಿಕ್ ಮಾಡಿ. ಹಿಂದೆ ಬರೆಯೋಕೆ ಮೆತ್ತನೆ ಪೆನ್ಸಿಲ್. ಬಾಲ್‌ಪೆನ್ ಒತ್ತಿದ್ರೆ ಮುಂದುಗಡೆ ಚಿತ್ರದ ಮೇಲೆ ಗೀರು ಏಳುತ್ತೆ.

ಹಳೇ ಫಿಲ್ಮ್ ನೆಗೆಟಿವ್‌ನಿಂದ ಪ್ರಿಂಟು ಮಾಡಿಸಿದ್ರೆ ಗಂಡಸರ ಅಂಗಿ ಜೇಬು ನೋಡಿ. ಎಡಗಡೆ ಇರಬೇಕಾದ ಜೇಬು ಎಲ್ಲರಿಗೂ ಬಲಗಡೆ ಇದ್ರೆ ಚಿತ್ರ ಉಲ್ಟಾ ಆಗಿದೆ. ನೋಡದೆ "ಎಡದಿಂದ ಬಲಕ್ಕೆ" ಅಂತ ಹೆಸರು ಬರೆದ್ರೆ ಮಾವ ಚಿಕ್ಕಪ್ಪ ಆಗ್ತಾರೆ!

ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದ್ರೆ ಕುಗ್ಗಿ, ನೀವಿಟ್ಟ ಫೈಲ್ ಹೆಸರೂ ಹೋಗುತ್ತೆ. ಊರು, ವರ್ಷ, ಯಾರು, ಇದನ್ನೇ ಫೈಲಿಗೆ ಹೆಸರಿಡಿ.

"ಇಷ್ಟುದ್ದ ಯಾರು ಓದ್ತಾರೆ?" ಅಂತಾರೆ. ಮೂರು ಪದ ಸ್ವಾಮಿ! ಮೂವತ್ತು ಹ್ಯಾಶ್‌ಟ್ಯಾಗ್ ಹಾಕೋಕೆ ಬಿಡುವಿದೆ, ಸೋದರತ್ತೆ ಹೆಸರು ಬರೆಯೋಕೆ ಇಲ್ವಾ? "ಪ್ರೈವಸಿ" ಅಂತಾರೆ. ಬದುಕಿರೋರನ್ನ ಕೇಳಿ ಹಾಕಿ, ಬೇಡ ಅಂದ್ರೆ ಬಿಡಿ, ಆಯ್ತಲ್ಲ. ಮುಖ ಹಾಕುವಾಗ ನೆನಪಾಗದ ಪ್ರೈವಸಿ ಹೆಸರು ಬರೆಯುವಾಗ ಮಾತ್ರ ಯಾಕೆ ನೆನಪಾಗುತ್ತೆ?

ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗ ಮಾಡಿ. ಭಾನುವಾರದ ಲೈವ್‌ನಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಳೇ ಫೋಟೋಗಳನ್ನ ನೋಡೋಣ. ನಿಮ್ಮ ಹತ್ರ ಇದ್ರೆ ಕಳಿಸಿ. ಊರು, ವರ್ಷ, ಯಾರು ಅಂತ ಇಲ್ಲದ್ದನ್ನ ತೋರಿಸಲ್ಲ. ಎಷ್ಟೇ ಚೆನ್ನಾಗಿರಲಿ, ತೋರಿಸಲ್ಲ!

ಊರು, ವರ್ಷ, ಯಾರು. ಗಂಟಲು ಹೋಗೋವರೆಗೂ ಹೇಳ್ತೀನಿ. ಆ ಹೆಸರುಗಳು ಗೊತ್ತಿರೋದು ಮನೆಯಲ್ಲಿ ಅಜ್ಜಿ ಒಬ್ಬರಿಗೇ. ಎಚ್ಚರ ಇದ್ದಾರಾ? ಈ ವಿಡಿಯೋ ನಿಲ್ಲಿಸಿ, ಆಲ್ಬಂ ತಗೊಂಡು ಪಕ್ಕ ಕೂತ್ಕೊಳ್ಳಿ, ಫೋನಲ್ಲಿ ರೆಕಾರ್ಡ್ ಒತ್ತಿ, ಹಿಂದಿನ ಸಾಲಿನ ಎಡತುದಿಯಿಂದ ಕೇಳ್ತಾ ಬನ್ನಿ: ಇವರು ಯಾರು ಅಜ್ಜಿ? ಇವರು?