ಅಯ್ಯೋ ಪಾಪ ಅಂದರೆ ಪಂಜರ ತೆರೆಯುವುದಿಲ್ಲ

ಕೇಳುಗರೇ, ನಮಸ್ಕಾರ.

ಸಾಕಣೆಯ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಚಳವಳಿಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಕ್ರೌರ್ಯದ ವರ್ಣನೆಗೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ಕೊಟ್ಟರೆ ನೀವು 'ಅಯ್ಯೋ ಪಾಪ' ಅನ್ನುತ್ತೀರಿ, ಮನಸ್ಸು ಭಾರವಾಯಿತು ಅಂತ ರೇಡಿಯೊ ಆರಿಸುತ್ತೀರಿ. ಕೋಳಿ ಮಾತ್ರ ಇದ್ದಲ್ಲೇ ಇರುತ್ತದೆ.

ನಾನು ಹೇಳಬೇಕಾದ್ದು ಒಂದೇ ಮಾತು. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗೆದ್ದ ಚಳವಳಿಗಳೆಲ್ಲ ಅಳೆಯಲು ಬರುವಂಥದ್ದನ್ನೇ ಕೇಳಿವೆ. ಎಷ್ಟು ಜಾಗ ಬೇಕು, ಯಾವ ತಾರೀಖಿನೊಳಗೆ ಬೇಕು, ಕೊಡಬೇಕಾದವರು ಯಾರು. 'ಪ್ರಾಣಿಗಳನ್ನು ಪ್ರೀತಿಸಿ' ಎಂದು ಕೇಳಿದವರಿಗೆ ಚಪ್ಪಾಳೆ ಸಿಕ್ಕಿತು. ಅಷ್ಟೇ.

ಮೊದಲು ವಿಷಯ ಏನೆಂದು ನೋಡೋಣ. ಮೊಟ್ಟೆ ಕೋಳಿಗಳನ್ನು ಸಾಲು ಸಾಲಾಗಿ ತಂತಿಯ ಪಂಜರಗಳಲ್ಲಿ ಇಡುವ ಪದ್ಧತಿಗೆ ಬ್ಯಾಟರಿ ಕೇಜ್ ಎನ್ನುತ್ತಾರೆ. ಯುರೋಪಿನಲ್ಲಿ ಇದು ನಿಲ್ಲುವ ಮುಂಚೆ ಒಂದು ಕೋಳಿಗೆ ಕೊಡಬೇಕಿದ್ದ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್. ಹತ್ತಿರದಲ್ಲಿ ಎ4 ಹಾಳೆ ಇದ್ದರೆ ಕೈಗೆತ್ತಿಕೊಳ್ಳಿ. ಅದು ಸುಮಾರು 624 ಚದರ ಸೆಂಟಿಮೀಟರ್. ಕೋಳಿಯ ಪಾಲಿಗೆ ಬಂದದ್ದು ಅದಕ್ಕಿಂತ ಕಡಿಮೆ. ರೆಕ್ಕೆ ಬಿಚ್ಚುವಂತಿಲ್ಲ, ಮಣ್ಣು ಕೆದಕುವಂತಿಲ್ಲ, ಮೊಟ್ಟೆ ಇಡಲು ಒಂದು ಮರೆ ಇಲ್ಲ. ಹಂದಿಯ ಪಾಡೂ ಹೀಗೇ. ಗಬ್ಬದ ಹಂದಿಯನ್ನು ಕಬ್ಬಿಣದ ಸರಳುಗಳ ನಡುವೆ ನಿಲ್ಲಿಸುತ್ತಾರೆ. ಹಂದಿಯ ಗಬ್ಬ ಸುಮಾರು 115 ದಿನ. ಅದರಲ್ಲಿ ಬಹುಪಾಲು ದಿನ ಅದು ಹಿಂದಕ್ಕೆ ತಿರುಗಲೂ ಆಗದ ಹಾಗೆ ನಿಂತಿರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಕತೆಗೆ ಬರುತ್ತೇನೆ. 1960ರ ಆಸುಪಾಸು. ಲಂಡನ್ನಿನಲ್ಲಿ ರೂತ್ ಹ್ಯಾರಿಸನ್ ಎಂಬ ಗೃಹಿಣಿ. ಪಶುವೈದ್ಯೆಯಲ್ಲ, ವಿಜ್ಞಾನಿಯಲ್ಲ, ಓದಿದ್ದು ನಾಟಕ. ಒಂದು ದಿನ ಅವರ ಮನೆ ಬಾಗಿಲಿಗೆ ಒಂದು ಕರಪತ್ರ ಬಂತು. ಮಾಂಸಕ್ಕಾಗಿ ಕಿರಿದಾದ ಪೆಟ್ಟಿಗೆಗಳಲ್ಲಿ ಬೆಳೆಸುವ ಕರುಗಳ ಬಗ್ಗೆ ಅದರಲ್ಲಿ ಬರೆದಿತ್ತು. ರೂತ್ ಸಸ್ಯಾಹಾರಿ. 'ನಾನು ತಿನ್ನುವುದೇ ಇಲ್ಲ, ನನಗೇನು' ಎಂದು ಮೊದಲು ಅನಿಸಿತಂತೆ. ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ! ಆಮೇಲೆ ಅವರಿಗೆ ಹೊಳೆಯಿತು: ಸುಮ್ನೆ ಇದ್ದರೆ ಅದು ನಡೆಯಲಿ ಎಂದು ಒಪ್ಪಿಕೊಂಡ ಹಾಗೇ ಅಲ್ವಾ?

ಎದ್ದು ಹೊರಟರು. ಫಾರ್ಮ್‌ಗಳಿಗೆ ಹೋಗಿ ಕಣ್ಣಾರೆ ನೋಡಿದರು. ಪಂಜರ ಎಷ್ಟು ಅಗಲ, ಬೆಳಕು ಎಷ್ಟು, ಯಾವ ಮೇವು, ಯಾವ ಔಷಧಿ, ಎಲ್ಲ ಬರೆದುಕೊಂಡರು. 1964ರಲ್ಲಿ 'ಅನಿಮಲ್ ಮಷೀನ್ಸ್' ಎಂಬ ಪುಸ್ತಕ ಬಂತು. ಮುನ್ನುಡಿ ಬರೆದವರು ರೇಚಲ್ ಕಾರ್ಸನ್, ಕೀಟನಾಶಕಗಳ ಅಪಾಯದ ಬಗ್ಗೆ ಅಮೆರಿಕವನ್ನು ಎಚ್ಚರಿಸಿದವರು. ಪತ್ರಿಕೆಯಲ್ಲಿ ಪುಸ್ತಕದ ಭಾಗಗಳು ಬಂದವು. ಜನ ಸಿಟ್ಟಾದರು. ಸರ್ಕಾರಕ್ಕೆ ಸುಮ್ಮನಿರಲು ಆಗಲಿಲ್ಲ. ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಬ್ರಾಂಬೆಲ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 1965ರಲ್ಲಿ ವರದಿ ಕೊಟ್ಟಿತು.

ಆ ವರದಿಯ ಒಂದು ವಾಕ್ಯವನ್ನು ನೆನಪಿಡಿ. ಪ್ರಾಣಿಗೆ ಕಷ್ಟವಿಲ್ಲದೆ ತಿರುಗಲು, ಮೈ ಶುಚಿ ಮಾಡಿಕೊಳ್ಳಲು, ಏಳಲು, ಮಲಗಲು, ಕೈಕಾಲು ಚಾಚಲು ಆಗಬೇಕು. ಇಷ್ಟನ್ನೇ ಅದು ಕೇಳಿದ್ದು. ಎಷ್ಟು ಚಿಕ್ಕ ಬೇಡಿಕೆ! ಆದರೆ ಇದನ್ನು ಪರೀಕ್ಷಿಸಬಹುದು. ಅಧಿಕಾರಿ ಕೊಟ್ಟಿಗೆಯ ಒಳಗೆ ಹೋಗಿ ನಿಂತು, 'ಈ ಕರು ತಿರುಗುತ್ತದೋ ಇಲ್ಲವೋ' ಎಂದು ನೋಡಬಹುದು. ಕರುಣೆ ಇದೆಯೋ ಇಲ್ಲವೋ ಎಂದು ಯಾವ ಅಧಿಕಾರಿ ತಾನೇ ಅಳೆಯಬಲ್ಲ? 1968ರಲ್ಲಿ ಬ್ರಿಟನ್ನಿನಲ್ಲಿ ಸಾಕಣೆಯ ಪ್ರಾಣಿಗಳ ಯೋಗಕ್ಷೇಮಕ್ಕೆಂದು ಕಾನೂನು ಬಂತು. 1979ರಲ್ಲಿ ಆ ಐದು ಅಂಶಗಳನ್ನೇ ಹಿಗ್ಗಿಸಿ 'ಐದು ಸ್ವಾತಂತ್ರ್ಯಗಳು' ಎಂದು ಬರೆದರು. ಹಸಿವು ಬಾಯಾರಿಕೆ ಇರಬಾರದು. ಇರುವ ಜಾಗ ಹಿಂಸೆಯಾಗಬಾರದು. ನೋವು, ಗಾಯ, ರೋಗ ಇರಬಾರದು. ತನ್ನ ಸಹಜ ನಡವಳಿಕೆಗೆ ಅವಕಾಶ ಇರಬೇಕು. ಭಯ ಇರಬಾರದು. ಇವತ್ತು ಜಗತ್ತಿನ ಪಶುವೈದ್ಯ ವಿದ್ಯಾರ್ಥಿಗಳು ಓದುವ ಪಾಠ ಇದು. ಶುರುವಾಗಿದ್ದು ಬಾಗಿಲಿಗೆ ಬಂದ ಒಂದು ಕರಪತ್ರದಿಂದ. ಅದನ್ನು ಯಾರು ಹಂಚಿದರೋ, ಅವರ ಕಾಲಿಗೆ ಬೀಳಬೇಕು.

ಕತೆ ಉದ್ದವಾಯಿತು, ಗೊತ್ತು. ಬೇಗ ಬೇಗ ಹೋಗೋಣ.

ಅಮೆರಿಕದ ಕ್ಯಾಲಿಫೋರ್ನಿಯಾ. 2008ರಲ್ಲಿ ಅಲ್ಲಿನ ಚಳವಳಿಗಾರರು ವಿಷಯವನ್ನು ನೇರವಾಗಿ ಜನರ ಮತಕ್ಕೆ ಇಟ್ಟರು. ಮೊಟ್ಟೆ ಕೋಳಿ, ಗಬ್ಬದ ಹಂದಿ, ಕರು ಇವು ತಿರುಗುವಂತಿರಬೇಕು, ಕೈಕಾಲು ಚಾಚುವಂತಿರಬೇಕು. ನೂರಕ್ಕೆ 60ಕ್ಕೂ ಜಾಸ್ತಿ ಮತ ಬಿತ್ತು. ಸಂಭ್ರಮವೋ ಸಂಭ್ರಮ. ಆಮೇಲೆ ಜಗಳ ಶುರುವಾಯಿತು. ಚಾಚುವುದು ಅಂದರೆ ಎಷ್ಟು? ದೊಡ್ಡ ಪಂಜರ ಸಾಲದೇ? ಕಾನೂನಿನಲ್ಲಿ ಅಳತೆಯೇ ಇರಲಿಲ್ಲ! ನೋಡಿ, ನಾನು ಹೇಳಿದ್ದು ಇದನ್ನೇ. 2018ರಲ್ಲಿ ಮತ್ತೆ ಮತಕ್ಕೆ ಹೋದರು. ಈ ಸಲ ಲೆಕ್ಕ ಬರೆದೇ ಇಟ್ಟರು. ಕರುವಿಗೆ 43 ಚದರ ಅಡಿ, ಹಂದಿಗೆ 24 ಚದರ ಅಡಿ, ಕೋಳಿಗೆ 2022ರಿಂದ ಪಂಜರವೇ ಬೇಡ. ಹೊರ ರಾಜ್ಯದಿಂದ ತಂದು ಮಾರಿದರೂ ಇದೇ ನಿಯಮ. ಹಂದಿ ಉದ್ಯಮದವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2023ರ ಮೇ ತಿಂಗಳಲ್ಲಿ ಕಾನೂನು ಗೆದ್ದಿತು.

ತಾರೀಖಿನ ಮಾತಿಗೆ ಯುರೋಪು ಸಾಕ್ಷಿ. ಬ್ಯಾಟರಿ ಕೇಜ್ ನಿಲ್ಲಬೇಕೆಂದು ಯುರೋಪಿಯನ್ ಒಕ್ಕೂಟದಲ್ಲಿ 1999ರಲ್ಲಿ ತೀರ್ಮಾನವಾಯಿತು. ಗಡುವು 2012ರ ಜನವರಿ 1. ಆ ದಿನ ಬಂದಾಗ ಹತ್ತಕ್ಕೂ ಜಾಸ್ತಿ ದೇಶಗಳು ಸಿದ್ಧವಾಗಿರಲಿಲ್ಲ. ಆದರೆ ಕಾನೂನಿನಲ್ಲಿ ಗಡುವು ಇತ್ತಲ್ಲ, ನೋಟಿಸು ಹೋದವು. ಇಟಲಿ, ಗ್ರೀಸ್ ಕೋರ್ಟಿನಲ್ಲಿ ಸೋತವು. ಆಮೇಲೆ 13 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿ, ಉಳಿದ ಪಂಜರಗಳನ್ನೂ ತೆಗೆಯಿರಿ ಎಂದು ಕೇಳಿದರು. 2021ರಲ್ಲಿ ಯುರೋಪಿಯನ್ ಕಮಿಷನ್, ಅಂದರೆ ಒಕ್ಕೂಟದ ಆಡಳಿತ ಮಂಡಳಿ, ಹೂಂ ಎಂದಿತು. 2023ರೊಳಗೆ ಕಾನೂನಿನ ಕರಡು ತರುತ್ತೇವೆ ಎಂದಿತು. 2023 ಮುಗಿಯಿತು, ಕರಡು ಬರಲಿಲ್ಲ. ಯಾಕೆ? ಅದು ಬರೀ ಮಾತು, ಕಾನೂನಾಗಿರಲಿಲ್ಲ. ನನಗೆ ಇದನ್ನು ಹೇಳುವಾಗಲೂ ಸಿಟ್ಟು ಬರುತ್ತದೆ.

ಕಂಪನಿಗಳ ವಿಷಯ ಎರಡೇ ಮಾತು. 2015ರಲ್ಲಿ ಮೆಕ್‌ಡೊನಾಲ್ಡ್ಸ್, ಅಮೆರಿಕ ಮತ್ತು ಕೆನಡಾದಲ್ಲಿ ಹತ್ತು ವರ್ಷದೊಳಗೆ ಪಂಜರವಿಲ್ಲದ ಕೋಳಿಯ ಮೊಟ್ಟೆಯನ್ನೇ ಕೊಳ್ಳುತ್ತೇವೆ ಎಂದಿತು. ಅಮೆರಿಕದಲ್ಲಿ ಗಡುವಿಗೆ ಮುಂಚೆಯೇ ಮುಗಿಸಿದೆವು ಎಂದು ಹೇಳಿತು. ವರ್ಷ ಹೇಳಿಬಿಟ್ಟ ಮೇಲೆ ಜನ ಕೇಳುತ್ತಾರೆ, ಪತ್ರಿಕೆಯವರು ಕೇಳುತ್ತಾರೆ. 'ಪ್ರಾಣಿಗಳ ಬಗ್ಗೆ ನಮಗೆ ಕಾಳಜಿ ಇದೆ' ಎಂದಷ್ಟೇ ಬರೆದ ಕಂಪನಿಯನ್ನು ಯಾವ ತಾರೀಖಿಗೆ ಹೋಗಿ ಕೇಳುವುದು?

ಅಮೆರಿಕದ ಪ್ರಾಣಿ ಹಕ್ಕುಗಳ ಹೋರಾಟಗಾರ ಹೆನ್ರಿ ಸ್ಪಿರಾ ಬಗ್ಗೆ ಹೇಳಲು ಬಹಳ ಇತ್ತು, ಹೊತ್ತಿಲ್ಲ. ಅಮೆರಿಕಕ್ಕೆ ಬರುವ ಮೆಕ್ಸಿಕೋ ದನಗಳ ಮುಖಕ್ಕೆ ಕಾದ ಕಬ್ಬಿಣದ ಬರೆ ಹಾಕಬೇಕೆಂದು ಅಲ್ಲಿ ಸರ್ಕಾರಿ ನಿಯಮವೇ ಇತ್ತು. 1994ರಲ್ಲಿ ಅವರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಮಾಂಸ ಬಿಡಿ ಎನ್ನಲಿಲ್ಲ, ಎಲ್ಲ ಬದಲಾಗಲಿ ಎನ್ನಲಿಲ್ಲ. ಮುಖಕ್ಕೆ ಬರೆ ಹಾಕುವುದನ್ನು ನಿಲ್ಲಿಸಿ ಎಂದರು. ಇಲಾಖೆಗೆ ಸಾವಿರಾರು ಪತ್ರ ಬಿದ್ದವು, ನಿಯಮ ಹೋಯಿತು.

ಗಂಡು ಮರಿಗಳ ವಿಷಯ ಉಳಿದೇ ಹೋಯಿತು. ಮೊಟ್ಟೆ ಕೋಳಿಯ ಜಾತಿಯಲ್ಲಿ ಗಂಡು ಹುಟ್ಟಿದರೆ ಉದ್ಯಮಕ್ಕೆ ಲಾಭವಿಲ್ಲ, ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿದೆ. ಮರಿ ಗಂಡೋ ಹೆಣ್ಣೋ ಎಂದು ಮೊಟ್ಟೆಯಲ್ಲಿದ್ದಾಗಲೇ ಹೇಳುವ ಯಂತ್ರಗಳು ಬಂದಿವೆ. ಎಷ್ಟನೇ ದಿನದೊಳಗೆ ಹೇಳಬೇಕು ಎನ್ನುವುದಕ್ಕೂ ಅಲ್ಲಿ ಲೆಕ್ಕ ಇದೆ. ಅದನ್ನು ವಿವರಿಸಲು ಇನ್ನೊಮ್ಮೆ ಕರೆದರೆ ಬರುತ್ತೇನೆ. ನಮಸ್ಕಾರ.